ಮಾರ್ಟಿನ್ ಲೂಥರ್ ಕಿಂಗ್ ಮಹಾಶಯರ ಜೀವಿತ ಮತ್ತು ಶಾಂತಿಭಂಗದ ಪ್ರಶ್ನೆ

ಗೃಹಸ್ಥನಿಗೆ ಶಾಂತಿಯು ಪ್ರಿಯವಾದುದು. ಅಂಗಡಿಮುಂಗಟ್ಟುಗಳು ಹೊತ್ತಿಗೆ ಸರಿಯಾಗಿ ತೆರೆಯಬೇಕು, ಮಕ್ಕಳು ಶಾಲೆಗೆ ಹೋಗಿ ಸುಖವಾಗಿ ಮರಳಬೇಕು, ದಾರಿಯಲ್ಲಿ ತಡೆಯಿರಬಾರದು ಎಂದು ಅವನು ಬಯಸುವುದು ಸಹಜ. ಈ ಬಯಕೆಯಲ್ಲಿ ದೋಷವೇನೂ ಇಲ್ಲ. ಆದರೆ ಒಬ್ಬರ ಶಾಂತಿಯು ಇನ್ನೊಬ್ಬರ ಅಪಮಾನದ ಮೇಲೆ ನಿಂತಿರುವಾಗ ಅದನ್ನು ಕದಡುವುದು ಧರ್ಮವೋ ಅಧರ್ಮವೋ? ಕದಡಿದುದರಿಂದ ಅಪಮಾನಿತರಿಗೆ ಹಿತವಾಗುವುದೋ, ಅಥವಾ ಅವರ ಮೇಲೆ ಜನರಿಗಿದ್ದ ಅಲ್ಪಸ್ವಲ್ಪ ಕನಿಕರವೂ ಬತ್ತಿಹೋಗುವುದೋ? ಈ ಪ್ರಶ್ನೆಯನ್ನು ತಮ್ಮ ಬಾಳಿನಲ್ಲಿಯೇ ಒರೆಗೆ ಹಚ್ಚಿ ನೋಡಿದವರು ಅಮೇರಿಕೆಯ ಮಾರ್ಟಿನ್ ಲೂಥರ್ ಕಿಂಗ್ ಮಹಾಶಯರು. ಅವರ ಚರಿತ್ರೆಯನ್ನು ವಾಚಕರ ಮುಂದೆ ಸಂಕ್ಷೇಪವಾಗಿ ನಿವೇದಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಅಮೇರಿಕೆಯಲ್ಲಿ ಗುಲಾಮಗಿರಿಯು ೧೮೬೫ರಲ್ಲಿ ಶಾಸನದಿಂದ ಅಳಿಯಿತು. ಆದರೆ ಮನಸ್ಸಿನಿಂದ ಅಳಿಯಲಿಲ್ಲ. ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ಆಸನ, ಬೇರೆ ಕುಡಿಯುವ ನೀರಿನ ನಲ್ಲಿ. ಮತದಾನದ ಹಕ್ಕು ಸಂವಿಧಾನದಲ್ಲಿತ್ತು. ಪಟ್ಟಿಯಲ್ಲಿ ಹೆಸರು ಬರೆಸಲು ಹೋದವನಿಗೆ ಕಠಿನ ಪರೀಕ್ಷೆಗಳನ್ನೊಡ್ಡಿ ಹಿಂದಕ್ಕೆ ಕಳುಹಿಸುವುದು ರೂಢಿಯಾಗಿತ್ತು. ಇಂತಹ ಜಾರ್ಜಿಯಾ ಸಂಸ್ಥಾನದ ಅಟ್ಲಾಂಟಾ ನಗರದಲ್ಲಿ ೧೯೨೯ನೆಯ ಇಸವಿ ಜನವರಿ ೧೫ರಂದು ಕಿಂಗ್ ಅವರು ಜನಿಸಿದರು. ತಂದೆಯೂ ತಾಯಿಯ ತಂದೆಯೂ ಅಲ್ಲಿಯ ಎಬೆನೇಜರ್ ಚರ್ಚಿನ ಧರ್ಮೋಪದೇಶಕರು. ಬಾಲಕನು ಓದಿನಲ್ಲಿ ಚುರುಕಾಗಿದ್ದನು. ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ ಪದವಿ, ಪೆನ್ಸಿಲ್ವೇನಿಯಾದಲ್ಲಿ ಧರ್ಮಶಾಸ್ತ್ರದ ಅಭ್ಯಾಸ, ೧೯೫೫ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಪದವಿ, ಹೀಗೆ ವಿದ್ಯಾಭ್ಯಾಸವು ಸಾಂಗವಾಗಿ ನೆರವೇರಿತು. ೧೯೫೩ರಲ್ಲಿ ಕೊರೆಟಾ ಸ್ಕಾಟ್ ಎಂಬ ವಿದುಷಿಯ ಪಾಣಿಗ್ರಹಣವಾಯಿತು. ಮರುವರ್ಷ ಅಲಬಾಮಾ ಸಂಸ್ಥಾನದ ಮಾಂಟ್‌ಗೊಮರಿ ನಗರದ ಚರ್ಚೊಂದರಲ್ಲಿ ಅವರು ಧರ್ಮೋಪದೇಶಕರಾಗಿ ನಿಂತರು. ಗ್ರಂಥ, ಪ್ರವಚನ, ಸಂಸಾರ ಇವುಗಳಲ್ಲಿ ಆಯುಷ್ಯವು ಸುಖವಾಗಿ ಕಳೆಯಬಹುದಾಗಿತ್ತು.

೧೯೫೫ನೆಯ ಡಿಸೆಂಬರ್ ೧ರಂದು ಆ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆಯು ಬಸ್ಸಿನಲ್ಲಿ ಬಿಳಿಯನಿಗಾಗಿ ತನ್ನ ಆಸನವನ್ನು ಬಿಟ್ಟೇಳಲು ಒಪ್ಪದೆ ಬಂಧನಕ್ಕೊಳಗಾದಳು. ಡಿಸೆಂಬರ್ ೫ರಿಂದ ಕರಿಯರೆಲ್ಲರೂ ಬಸ್ಸುಗಳನ್ನು ಬಹಿಷ್ಕರಿಸಿದರು. ಮುಂದಾಳಾಗಿ ಆಯ್ಕೆಯಾದವರು ಇಪ್ಪತ್ತಾರು ವರ್ಷದ ಕಿಂಗ್. ಅಡಿಗೆಯವರು, ಕೂಲಿಕಾರರು, ಮುದುಕಿಯರು ದಿನವೂ ಹಲವು ಮೈಲಿ ನಡೆದರು. ೧೯೫೬ನೆಯ ಜನವರಿ ೩೦ರಂದು ಕಿಂಗ್ ಅವರ ಮನೆಯ ಮೇಲೆ ಬಾಂಬು ಬಿದ್ದಿತು. ಒಳಗಿದ್ದ ಪತ್ನಿಯೂ ಹಸುಗೂಸೂ ದೈವವಶಾತ್ ಉಳಿದರು. ಆಯುಧಗಳನ್ನು ಹಿಡಿದು ಮನೆಯ ಮುಂದೆ ನೆರೆದ ಕರಿಯರ ಗುಂಪು ಪ್ರತೀಕಾರಕ್ಕೆ ಸಿದ್ಧವಾಗಿತ್ತು. ಕಿಂಗ್ ಅವರು ಹೊರಗೆ ಬಂದು ಅವರನ್ನು ಸಮಾಧಾನಪಡಿಸಿ, ಆಯುಧಗಳನ್ನು ಮನೆಗೆ ಒಯ್ಯುವಂತೆ ಬೇಡಿಕೊಂಡು ಕಳುಹಿಸಿದರು. ಆ ರಾತ್ರಿ ಒಂದು ಗುಂಡು ಹಾರಿದ್ದರೆ ಬಹಿಷ್ಕಾರದ ಕಥೆಯು ಅಂದೇ ಮುಗಿಯುತ್ತಿತ್ತೆಂದು ತೋರುತ್ತದೆ. ೩೮೧ ದಿನಗಳ ತರುವಾಯ, ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಬಸ್ಸಿನ ಭೇದವು ಅಳಿಯಿತು.

ಗಾಂಧೀಜಿಯವರ ಸತ್ಯಾಗ್ರಹದ ತತ್ವವನ್ನು ಅವರು ಗ್ರಂಥಗಳಿಂದ ಅರಿತಿದ್ದರು. ೧೯೫೯ರಲ್ಲಿ ಪತ್ನೀಸಮೇತರಾಗಿ ಭಾರತಕ್ಕೆ ಬಂದು ಸುಮಾರು ಒಂದು ತಿಂಗಳು ಸಂಚರಿಸಿ, ಗಾಂಧೀಜಿಯವರೊಡನೆ ದುಡಿದವರನ್ನು ಕಂಡು ಮಾತನಾಡಿದರು. ಮರಳಿದಾಗ ಅಹಿಂಸೆಯಲ್ಲಿ ಅವರ ನಿಷ್ಠೆ ಇನ್ನಷ್ಟು ದೃಢವಾಗಿತ್ತು.

ಆದರೆ ಅಹಿಂಸೆಯೆಂದರೆ ಸುಮ್ಮನಿರುವುದಲ್ಲ. ೧೯೬೦ರ ಫೆಬ್ರವರಿಯಲ್ಲಿ ಗ್ರೀನ್ಸ್‌ಬರೋ ನಗರದ ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಉಪಾಹಾರದ ಸ್ಥಳದಲ್ಲಿ ಕುಳಿತು, ತಿಂಡಿ ಕೊಡದಿದ್ದರೂ ಏಳಲಿಲ್ಲ. ಮರುವರ್ಷ ಕರಿಯರೂ ಬಿಳಿಯರೂ ಜೊತೆಯಾಗಿ ದೂರಪ್ರಯಾಣದ ಬಸ್ಸುಗಳಲ್ಲಿ ದಕ್ಷಿಣಕ್ಕೆ ಹೋಗಿ ಪೆಟ್ಟು ತಿಂದರು. ಆಗ ಗ್ಯಾಲಪ್ ಸಂಸ್ಥೆಯವರು ಜನಾಭಿಪ್ರಾಯವನ್ನು ವಿಚಾರಿಸಲು, ನೂರರಲ್ಲಿ ೫೭ ಮಂದಿ ಇಂತಹ ನಡೆಯಿಂದ ಕರಿಯರ ಕಾರ್ಯಕ್ಕೆ ಹಾನಿಯೇ ಆಗುವುದೆಂದರು. ಅಂಕಿಗಳನ್ನು ಮಾತ್ರ ನೋಡುವವನು ಚಳವಳಿಯು ಕೆಟ್ಟಿತೆಂದೇ ತೀರ್ಮಾನಿಸುತ್ತಿದ್ದನು. ಆದರೆ ಅದೇ ವರ್ಷ ಕೇಂದ್ರ ಸರಕಾರದ ಆಯೋಗವು ದೂರಪ್ರಯಾಣದ ಬಸ್ಸುಗಳಲ್ಲಿಯೂ ನಿಲ್ದಾಣಗಳಲ್ಲಿಯೂ ವರ್ಣಭೇದವನ್ನು ನಿಷೇಧಿಸಿತು. ಜನರ ಅಸಮಾಧಾನವು ಒಂದು, ಕಾರ್ಯದ ಸಿದ್ಧಿಯು ಮತ್ತೊಂದು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಸೋಲಿನ ಪಾಠವೂ ಕಿಂಗ್ ಅವರಿಗೆ ಬೇಗನೆ ದೊರೆಯಿತು. ಜಾರ್ಜಿಯಾದ ಆಲ್ಬನಿ ಎಂಬ ಊರಿನಲ್ಲಿ ೧೯೬೧-೬೨ರಲ್ಲಿ ಎಲ್ಲ ಬಗೆಯ ಭೇದವನ್ನೂ ಏಕಕಾಲಕ್ಕೆ ಕಿತ್ತೊಗೆಯಲು ಚಳವಳಿ ನಡೆಯಿತು. ಅಲ್ಲಿಯ ಪೋಲೀಸ್ ಮುಖ್ಯಸ್ಥ ಲಾರಿ ಪ್ರಿಚೆಟ್ ಚತುರನು. ಅವನು ಜನರನ್ನು ಹೊಡೆಯಲಿಲ್ಲ. ಮೃದುವಾಗಿ ಬಂಧಿಸಿ ನೆರೆಯ ಊರುಗಳ ಸೆರೆಮನೆಗಳಿಗೆ ಹಂಚಿದನು. ನೂರಾರು ಜನರು ಸೆರೆ ಸೇರಿದರೂ ಅನ್ಯಾಯದ ಮುಖವು ಹೊರಗಿನವರಿಗೆ ಕಾಣಲಿಲ್ಲ. ಕಿಂಗ್ ಅವರು ಬರಿಗೈಯಲ್ಲಿ ಹಿಂದಿರುಗಿದರು. ಗುರಿಯು ಒಂದೆಡೆ ನೆಲೆಗೊಳ್ಳದಿದ್ದರೆ ತ್ಯಾಗವೂ ಹರಿದು ಹಂಚಿಹೋಗುವುದೆಂದು ಅವರು ಕಂಡುಕೊಂಡರು.

೧೯೬೩ನೆಯ ಏಪ್ರಿಲಿನಲ್ಲಿ ಅವರು ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಬಂದರು. ಪಾಠವು ವ್ಯರ್ಥವಾಗಿರಲಿಲ್ಲ. ಈ ಸಲ ಗುರಿಯು ಪೇಟೆಯ ವ್ಯಾಪಾರ. ಕರಿಯರ ಹಣವನ್ನು ಪಡೆದು, ಕರಿಯರಿಗೆ ಕುಳಿತುಣ್ಣಲು ಸ್ಥಳವನ್ನೂ ಗೌರವದ ಉದ್ಯೋಗವನ್ನೂ ನಿರಾಕರಿಸುತ್ತಿದ್ದ ಅಂಗಡಿಗಳನ್ನು ಈಸ್ಟರ್ ಹಬ್ಬದ ವ್ಯಾಪಾರದ ಕಾಲದಲ್ಲಿ ಬಹಿಷ್ಕರಿಸಿದರು. ನ್ಯಾಯಾಲಯವು ಮೆರವಣಿಗೆಯನ್ನು ನಿಷೇಧಿಸಿತು. ಕಿಂಗ್ ಅವರು ಆಜ್ಞೆಯನ್ನು ಮೀರಿ ಏಪ್ರಿಲ್ ೧೨ರಂದು ಬಂಧಿತರಾದರು. ಆಗ ಅಲಬಾಮಾದ ಎಂಟು ಮಂದಿ ಬಿಳಿಯ ಧರ್ಮಗುರುಗಳು ಒಂದು ಪ್ರಕಟಣೆ ಹೊರಡಿಸಿ, ಈ ಚಳವಳಿಯು ಅಕಾಲಿಕವೆಂದೂ ಅವಿವೇಕವೆಂದೂ ತಿಳಿಸಿದರು. ಅವರು ದುಷ್ಟರಲ್ಲ, ಭೇದವನ್ನು ಸಮರ್ಥಿಸಿದವರೂ ಅಲ್ಲ. ಊರು ತಣ್ಣಗಿರಲಿ, ನ್ಯಾಯವು ಮೆಲ್ಲಗೆ ಬರಲಿ ಎಂಬುದು ಅವರ ನಿಲುವು. ಕಿಂಗ್ ಅವರು ಸೆರೆಮನೆಯಿಂದಲೇ ಅದಕ್ಕೆ ದೀರ್ಘವಾದ ಉತ್ತರ ಬರೆದರು. ಬಚ್ಚಿಟ್ಟಿದ್ದ ಒತ್ತಡವನ್ನು ತಾವು ಹುಟ್ಟಿಸಲಿಲ್ಲ, ಹೊರಗೆ ತಂದೆವು. ಕಾಯಲು ಹೇಳುವ ಸಜ್ಜನನ ಸೌಮ್ಯತೆಯು ಕೆಲವೊಮ್ಮೆ ವೈರಿಯ ದ್ವೇಷಕ್ಕಿಂತ ದೊಡ್ಡ ಅಡ್ಡಿ ಎಂಬುದು ಅದರ ಸಾರ.

ಮುಂದಿನ ಹೆಜ್ಜೆಯು ಅವರನ್ನೂ ಅಂಜಿಸಿತು. ಸೆರೆಗೆ ಹೋಗಬಲ್ಲ ಹಿರಿಯರು ಕಡಿಮೆಯಾದಾಗ, ಸಂಗಡಿಗ ಜೇಮ್ಸ್ ಬೆವೆಲ್ ಶಾಲೆಯ ಮಕ್ಕಳನ್ನು ಮೆರವಣಿಗೆಗೆ ತರಬೇಕೆಂದನು. ಮಕ್ಕಳ ತಂದೆಯಾದ ಕಿಂಗ್ ಅವರು ಹಿಂಜರಿದು, ಕಡೆಗೆ ತಡೆಯದಾದರು. ಮೇ ೨ರಂದು ಸಾವಿರಕ್ಕೂ ಹೆಚ್ಚು ಮಕ್ಕಳು ಶಾಲೆ ಬಿಟ್ಟು ಹಾಡುತ್ತ ಬೀದಿಗೆ ಬಂದರು; ನೂರಾರು ಮಕ್ಕಳು ಸೆರೆಯಾದರು. ಮರುದಿನ ನಗರದ ಅಧಿಕಾರಿ ಯೂಜೀನ್ ಕಾನರ್‌ನ ಅಪ್ಪಣೆಯಂತೆ ಬೆಂಕಿ ಆರಿಸುವ ಕೊಳವೆಗಳ ನೀರನ್ನು ಅವರ ಮೇಲೆ ರಭಸದಿಂದ ಹಾಯಿಸಿದರು, ನಾಯಿಗಳನ್ನು ಛೂಬಿಟ್ಟರು. ಮಕ್ಕಳನ್ನು ಬಳಸಿಕೊಂಡುದನ್ನು ಕೇಂದ್ರ ಸರಕಾರದ ಮಂತ್ರಿ ರಾಬರ್ಟ್ ಕೆನಡಿಯೂ ಖಂಡಿಸಿದರು, ಉಗ್ರವಾದಿ ಮುಖಂಡ ಮಾಲ್ಕಂ ಎಕ್ಸ್ ಕೂಡ ಖಂಡಿಸಿದರು. ಆ ಖಂಡನೆಯನ್ನು ತಳ್ಳಿಹಾಕುವುದು ಸುಲಭವಲ್ಲ. ಯಾವ ತಾಯಿತಂದೆಗಳಿಗೂ ಅದು ನಾಟುವ ಮಾತು. ಆದರೆ ಆ ಮಕ್ಕಳು ಮನೆಯಲ್ಲಿದ್ದರೂ ಭೇದದ ಪೆಟ್ಟಿನಿಂದ ಹೊರತಾಗಿರಲಿಲ್ಲ. ಆ ಪೆಟ್ಟು ಕಣ್ಣಿಗೆ ಕಾಣುತ್ತಿರಲಿಲ್ಲ, ಇದು ಕಂಡಿತು. ಚಿತ್ರಗಳು ಜಗತ್ತಿನಾದ್ಯಂತ ಹರಡಿದವು. ಮೇ ೧೦ರಂದು ವರ್ತಕರೊಡನೆ ಒಪ್ಪಂದವಾಯಿತು. ಜೂನ್ ೧೧ರಂದು ಅಧ್ಯಕ್ಷ ಕೆನಡಿಯವರು ಪೌರಹಕ್ಕಿನ ಶಾಸನವನ್ನು ತರುವುದಾಗಿ ರಾಷ್ಟ್ರಕ್ಕೆ ತಿಳಿಸಿದರು. ಆಗಸ್ಟ್ ೨೮ರಂದು ವಾಷಿಂಗ್ಟನ್ನಿನಲ್ಲಿ ಸುಮಾರು ಎರಡೂವರೆ ಲಕ್ಷ ಜನರು ಶಾಂತರಾಗಿ ನೆರೆದರು. ಸೆಪ್ಟೆಂಬರ್ ೧೫ರಂದು ಅದೇ ಬರ್ಮಿಂಗ್‌ಹ್ಯಾಮಿನ ಚರ್ಚಿನಲ್ಲಿ ದ್ವೇಷಿಗಳು ಇಟ್ಟ ಬಾಂಬಿಗೆ ನಾಲ್ವರು ಬಾಲಿಕೆಯರು ಬಲಿಯಾದರು. ಗೆಲುವಿನ ಬೆಲೆ ಹೀಗಿತ್ತು. ೧೯೬೪ನೆಯ ಜುಲೈ ೨ರಂದು ಆ ಶಾಸನವು ಜಾರಿಗೆ ಬಂದಿತು. ಅದೇ ವರ್ಷ ಕಿಂಗ್ ಅವರಿಗೆ ನೊಬೆಲ್ ಶಾಂತಿ ಪಾರಿತೋಷಕವು ದೊರೆಯಲು, ಅದರ ಹಣವನ್ನು ಚಳವಳಿಗೆ ಅರ್ಪಿಸಿದರು.

ಎಲ್ಲ ತಡೆಗಳನ್ನೂ ಅವರು ಒಂದೇ ತಕ್ಕಡಿಯಲ್ಲಿ ತೂಗಿದವರಲ್ಲ. ೧೯೬೪ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಜಾಗತಿಕ ಪ್ರದರ್ಶನದ ಆರಂಭದ ದಿನ, ಅಲ್ಲಿಗೆ ಹೋಗುವ ಹೆದ್ದಾರಿಗಳಲ್ಲಿ ಕಾರುಗಳನ್ನು ನಿಲ್ಲಿಸಿ ಸಂಚಾರವನ್ನು ಕಟ್ಟಬೇಕೆಂದು ಬ್ರೂಕ್ಲಿನ್ನಿನ ಕೆಲವು ಕಾರ್ಯಕರ್ತರು ಯೋಜಿಸಿದರು. ಇತರ ನಾಯಕರು ಅದನ್ನು ಬಹಿರಂಗವಾಗಿ ಖಂಡಿಸಿದರು. ಕಿಂಗ್ ಅವರು ಅದು ತಂತ್ರದೋಷವೆಂದು ತಿಳಿದರೂ, ಅದನ್ನು ಯೋಜಿಸಿದವರ ನೋವನ್ನು ಅರಿತು ಖಂಡನೆಯಲ್ಲಿ ಕೈಗೂಡಿಸಲಿಲ್ಲ. ಅಂದು ಕಾರುಗಳು ಬಂದುದೂ ಕೆಲವೇ.

೧೯೬೫ರಲ್ಲಿ ಮತದಾನದ ಹಕ್ಕಿಗಾಗಿ ಅಲಬಾಮಾದ ಸೆಲ್ಮಾ ಊರಿನಲ್ಲಿ ಹೋರಾಟವು ನಡೆಯಿತು. ಮಾರ್ಚ್ ೭ರಂದು ಸುಮಾರು ೬೦೦ ಜನರು ರಾಜಧಾನಿಯತ್ತ ನಡೆದು ಹೊರಡಲು, ಊರ ಸೇತುವೆಯಾಚೆ ಪೋಲೀಸರು ಲಾಠಿಗಳಿಂದಲೂ ಅಶ್ರುವಾಯುವಿನಿಂದಲೂ ಅವರನ್ನು ಕೆಡವಿದರು. ಕಿಂಗ್ ಅವರು ಅಂದು ಅಲ್ಲಿರಲಿಲ್ಲ. ಮಾರ್ಚ್ ೯ರಂದು ತಾವೇ ಸೇತುವೆಯವರೆಗೆ ನಡೆಸಿ, ಕೇಂದ್ರ ನ್ಯಾಯಾಲಯದ ತಡೆಯಾಜ್ಞೆಯಿದ್ದುದರಿಂದ ಪ್ರಾರ್ಥಿಸಿ ಹಿಂದಿರುಗಿದರು. ತರುಣರು ಅವರನ್ನು ಹೇಡಿತನಕ್ಕಾಗಿ ನಿಂದಿಸಿದರು. ಮುನ್ನುಗ್ಗಿದಾಗ ಸೌಮ್ಯರ ನಿಂದೆ, ಹಿಂದಿರುಗಿದಾಗ ಉಗ್ರರ ನಿಂದೆ. ಇದು ಅವರ ಪಾಲಿಗೆ ಬಂದ ಉಡುಗೊರೆ. ನ್ಯಾಯಾಲಯವು ಅನುಮತಿಯಿತ್ತ ಮೇಲೆ ಮಾರ್ಚ್ ೨೧ರಿಂದ ೨೫ರವರೆಗೆ ನಡೆದ ಯಾತ್ರೆಯು ಮಾಂಟ್‌ಗೊಮರಿಯನ್ನು ಮುಟ್ಟಿತು. ಆಗಸ್ಟ್ ೬ರಂದು ಮತದಾನದ ಶಾಸನಕ್ಕೆ ಅಂಕಿತವಾಯಿತು.

ಐದು ದಿನಗಳು ಕಳೆಯುವಷ್ಟರಲ್ಲಿ ಲಾಸ್ ಏಂಜಲೀಸ್ ನಗರದ ವಾಟ್ಸ್ ಭಾಗದಲ್ಲಿ ದಂಗೆಯೆದ್ದು ೩೪ ಜನರು ಸತ್ತರು. ಉತ್ತರದ ನಗರಗಳಲ್ಲಿ ಕರಿಯರ ದುಃಖವು ಶಾಸನದ ಪುಸ್ತಕದಲ್ಲಿರಲಿಲ್ಲ. ಬಾಡಿಗೆಯ ಕೊಳಕು ಮನೆಯಲ್ಲಿತ್ತು, ದೊರೆಯದ ಕೆಲಸದಲ್ಲಿತ್ತು. ೧೯೬೬ರಲ್ಲಿ ಕಿಂಗ್ ಅವರು ಷಿಕಾಗೋ ನಗರದಲ್ಲಿ ವಸತಿಭೇದದ ವಿರುದ್ಧ ಮೆರವಣಿಗೆ ನಡೆಸಿ ಕಲ್ಲೇಟು ತಿಂದರು. ಆ ವರ್ಷ ಗ್ಯಾಲಪ್ ವಿಚಾರಣೆಯಲ್ಲಿ ನೂರಕ್ಕೆ ೬೩ ಮಂದಿ ಅವರ ವಿಷಯದಲ್ಲಿ ಪ್ರತಿಕೂಲವಾದ ಅಭಿಪ್ರಾಯವನ್ನು ಕೊಟ್ಟರು. ಇಂದು ಯಾರ ಹೆಸರಿನಲ್ಲಿ ಆ ದೇಶವು ೧೯೮೬ರಿಂದ ರಾಷ್ಟ್ರೀಯ ರಜೆಯನ್ನು ಆಚರಿಸುತ್ತಿದೆಯೋ, ಅವರೇ ಇವರು.

೧೯೬೮ರ ಫೆಬ್ರವರಿಯಲ್ಲಿ ಟೆನೆಸ್ಸೀ ಸಂಸ್ಥಾನದ ಮೆಂಫಿಸ್ ನಗರದ ಸುಮಾರು ೧,೩೦೦ ಕಸ ಸಾಗಿಸುವ ಕಾರ್ಮಿಕರು ಮುಷ್ಕರ ಹೂಡಿದರು. ಕಸದ ಗಾಡಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕೆಲಸಗಾರರು ನುಚ್ಚುನುರಿಯಾಗಿ ಸತ್ತುದು ಅದಕ್ಕೆ ಕಾರಣ. ಮಾರ್ಚ್ ೨೮ರಂದು ಕಿಂಗ್ ಅವರು ನಡೆಸಿದ ಮೆರವಣಿಗೆಯ ಹಿಂಭಾಗದಲ್ಲಿ ಕೆಲವು ತರುಣರು ಅಂಗಡಿಗಳ ಗಾಜುಗಳನ್ನು ಒಡೆದರು. ಪೋಲೀಸರು ಏರಿಬಂದರು; ಹದಿನಾರು ವರ್ಷದ ಹುಡುಗನೊಬ್ಬನು ಗುಂಡಿಗೆ ಸತ್ತನು. ಮರುದಿನ ಜನರು ಮಾತಾಡಿದ್ದು ಒಡೆದ ಗಾಜಿನ ವಿಷಯವನ್ನು. ಸತ್ತ ಕಾರ್ಮಿಕರ ವಿಷಯವನ್ನಲ್ಲ. ಕಿಂಗ್ ಅವರು ಬಹಳ ಕುಗ್ಗಿದರು. ಆದರೆ ಕಾರ್ಯವನ್ನು ಬಿಡಲಿಲ್ಲ. ಶಾಂತವಾದ ಮೆರವಣಿಗೆಯೊಂದನ್ನು ನಡೆಸಿಯೇ ತೀರುವೆನೆಂದು ಮೆಂಫಿಸಿಗೆ ಮರಳಿದರು. ಏಪ್ರಿಲ್ ೪ರ ಸಂಜೆ ವಸತಿಗೃಹದ ಮೊಗಸಾಲೆಯಲ್ಲಿ ನಿಂತಿರುವಾಗ ಹಂತಕನ ಗುಂಡಿಗೆ ಬಿದ್ದರು. ಆಗ ಅವರಿಗೆ ೩೯ ವರ್ಷ. ನಾಲ್ಕು ದಿನಗಳ ಮೇಲೆ ಅವರ ಪತ್ನಿಯು ಆ ಊರಿನಲ್ಲಿಯೇ ಮೆರವಣಿಗೆಯ ಮುಂದೆ ನಡೆದರು. ಒಂದು ಕಲ್ಲೂ ಹಾರಲಿಲ್ಲ. ಏಪ್ರಿಲ್ ೧೬ರಂದು ಕಾರ್ಮಿಕರ ಬೇಡಿಕೆಗೆ ನಗರಾಡಳಿತವು ಮಣಿಯಿತು.

ಇಲ್ಲೊಂದು ಆಕ್ಷೇಪವನ್ನು ಮರೆಮಾಡಬಾರದು. ಕಿಂಗ್ ಅವರ ಹತ್ಯೆಯ ಸುದ್ದಿಯಿಂದ ನೂರಕ್ಕೂ ಹೆಚ್ಚು ನಗರಗಳಲ್ಲಿ ದಂಗೆಗಳಾದವು. ಒಂದು ವಾರದಲ್ಲಿಯೇ, ಬಹುಕಾಲ ಕುಂಟುತ್ತಿದ್ದ ವಸತಿಭೇದನಿಷೇಧದ ಶಾಸನವು ಅಂಗೀಕೃತವಾಯಿತು. ಹಾಗಾದರೆ ಬೆಂಕಿಯೂ ಫಲ ಕೊಡುವುದಲ್ಲವೇ ಎಂದು ಕೇಳುವವರುಂಟು. ಭಯವು ಅಧಿಕಾರಿಗಳನ್ನು ಎಬ್ಬಿಸುವುದು ನಿಜ. ಆದರೆ ಅದು ಮತದಾರರನ್ನು ದೂರ ಸರಿಸುವುದೂ ಅಷ್ಟೇ ನಿಜ. ಒಮರ್ ವಾಸೋ ಎಂಬ ವಿದ್ವಾಂಸರು ಆ ಕಾಲದ ಪ್ರತಿಭಟನೆಗಳನ್ನೂ ಮತದಾನದ ಲೆಕ್ಕಗಳನ್ನೂ ಹೋಲಿಸಿ ೨೦೨೦ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಹಿಂಸಾತ್ಮಕ ಪ್ರತಿಭಟನೆಗಳು ನಡೆದ ಪ್ರದೇಶಗಳ ಸಮೀಪದಲ್ಲಿ ಬಿಳಿಯರ ಒಲವು ಪೌರಹಕ್ಕಿನ ಪಕ್ಷದತ್ತ ಸರಿದುದನ್ನೂ, ಹಿಂಸೆಯಾದೆಡೆಯಲ್ಲಿ ಅದು ಶಿಸ್ತುಪಾಲನೆಯ ಹೆಸರು ಹೇಳಿದ ಪಕ್ಷದತ್ತ ಸರಿದುದನ್ನೂ ತೋರಿಸಿದ್ದಾರೆ. ಬೆಂಕಿಯಿಂದ ಒಂದು ಶಾಸನ ಬಂದರೂ ಅದನ್ನು ಪಾಲಿಸುವ ಮನಸ್ಸು ಬರಲಿಲ್ಲ.

ಆದುದರಿಂದ ಶಾಂತಿಭಂಗವು ಹಿತವೋ ಅಹಿತವೋ ಎಂಬ ಪ್ರಶ್ನೆಗೆ ಈ ಚರಿತ್ರೆಯ ಉತ್ತರವು ಹೀಗಿದೆ: ಜನರಿಗೆ ಬೇಸರವಾಯಿತೆಂಬುದು ಅಳತೆಗೋಲಲ್ಲ, ಬೇಸರವಾಗದಂತೆ ನಡೆದ ಯಾವ ಬೇಡಿಕೆಯೂ ಅಲ್ಲಿ ಈಡೇರಲಿಲ್ಲ. ತಡೆಯು ಅನ್ಯಾಯವಿರುವ ಸ್ಥಳವನ್ನೇ ಮುಟ್ಟಿತೇ? ಅದರ ಪೆಟ್ಟನ್ನು ಯಾರು ತಿಂದರು? ಇವೇ ಕೇಳಬೇಕಾದ ಮಾತುಗಳು. ಬಸ್ಸಿನ ಅಪಮಾನಕ್ಕೆ ಬಸ್ಸನ್ನು ಬಿಟ್ಟು ನಡೆದರು, ಮತದ ಹಕ್ಕಿಗಾಗಿ ರಾಜಧಾನಿಗೆ ನಡೆದರು; ನೋವನ್ನು ತಮ್ಮ ಮೈಮೇಲೆ ತೆಗೆದುಕೊಂಡರು. ಆಗ ಅನ್ಯಾಯವು ಬೆತ್ತಲೆಯಾಯಿತು. ನೋವು ಪರರ ಮೇಲೆ ಬಿದ್ದಾಗ ಅನ್ಯಾಯಕ್ಕೆ ಹೊದಿಕೆ ದೊರೆಯಿತು.

ಪ್ರತಿಭಟಿಸುವವರಿಗೆ ಇದು ಪಾಠವಾದಂತೆ ನೋಡುತ್ತ ನಿಂತವರಿಗೂ ಪಾಠ. ನಮ್ಮ ಬೀದಿಯಲ್ಲಿ ಯಾರಾದರೂ ನ್ಯಾಯ ಬೇಡುತ್ತ ಅಡ್ಡ ನಿಂತಾಗ, ನಮಗೆ ತಡವಾಯಿತೆಂಬ ಸಿಟ್ಟು ಮೊದಲು ಬರುವುದು ಸಹಜ. ಆ ಸಿಟ್ಟಿನ ಬೆನ್ನಿಗೇ, ಅವರು ಎಷ್ಟು ಕಾಲದಿಂದ ಕಾಯುತ್ತಿದ್ದಾರೆಂಬ ವಿಚಾರವೂ ಬರಲಿ. ಬರ್ಮಿಂಗ್‌ಹ್ಯಾಮಿನ ಎಂಟು ಮಂದಿ ಸಜ್ಜನರು ಈ ವಿಚಾರವನ್ನು ಮಾಡಿದ್ದರೆ ಮಕ್ಕಳು ಬೀದಿಗೆ ಬರಬೇಕಾಗುತ್ತಿರಲಿಲ್ಲವೇನೋ.