ಪರದೇಶದಲ್ಲಿ ವಿದ್ಯಾರ್ಥಿಯಾಗಿದ್ದ ದಾನಿಯೇಲನು

ಕ್ರಿ.ಪೂ. 605ರ ಸುಮಾರಿಗೆ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮಿನ ಮೇಲೆ ದಂಡೆತ್ತಿ ಬಂದು, ಯೆಹೂದ್ಯರ ಕುಲೀನ ಯೌವನಸ್ಥರಲ್ಲಿ ಕೆಲವರನ್ನು ಸೆರೆಯೊಯ್ದನು. ದಾನಿಯೇಲನು ಅವರಲ್ಲೊಬ್ಬನು. ಅವನು 3 ವರುಷ ಕಸ್ದೀಯರ ಭಾಷೆಯನ್ನೂ ಶಾಸ್ತ್ರಗಳನ್ನೂ ಕಲಿತು ರಾಜಸೇವೆಗೆ ಸಿದ್ಧನಾಗಬೇಕೆಂದು ಅಪ್ಪಣೆಯಾಯಿತು. ಅವನ ಹೆಸರನ್ನು ಸಹ ಬದಲಿಸಿ ಬೇಲ್ತೆಶಚ್ಚರನೆಂದು ಕರೆದರು.

ಅವನು ಆ ವಿದ್ಯೆಯನ್ನು ಶ್ರದ್ಧೆಯಿಂದ ಕಲಿತನು. ಆದರೆ ಅರಸನ ಭೋಜನವನ್ನೂ ದ್ರಾಕ್ಷಾರಸವನ್ನೂ ಮುಟ್ಟಿ ದೇವರ ಮುಂದೆ ಅಶುದ್ಧನಾಗಲು ಅವನ ಮನಸ್ಸು ಒಪ್ಪಲಿಲ್ಲ. ಮೇಲ್ವಿಚಾರಕನೊಡನೆ ವಾದಿಸದೆ, ತನಗೂ ತನ್ನ ಮೂವರು ಗೆಳೆಯರಿಗೂ 10 ದಿನ ಕಾಯಿಪಲ್ಯವನ್ನೂ ನೀರನ್ನೂ ಕೊಟ್ಟು ಪರೀಕ್ಷಿಸಬೇಕೆಂದು ವಿನಯದಿಂದ ಬೇಡಿಕೊಂಡನು. ಆ ದಿನಗಳು ಕಳೆದ ಮೇಲೆ ಅವರ ಮುಖಗಳು ಉಳಿದವರ ಮುಖಗಳಿಗಿಂತ ಕಳೆಯುಳ್ಳವಾಗಿದ್ದವು. ವ್ಯಾಸಂಗವು ಮುಗಿದಾಗ ಅರಸನು ಅವರಿಗೆ ಸಮಾನರನ್ನು ಕಾಣಲಿಲ್ಲ.

ಕ್ರಿ.ಪೂ. 539ರಲ್ಲಿ ಬಾಬೆಲು ಬಿದ್ದಿತು. ಆಗ ದಾನಿಯೇಲನು ವೃದ್ಧನು. ದಾರ್ಯಾವೆಷನ ಆಳಿಕೆಯಲ್ಲಿ, 30 ದಿನ ಅರಸನಿಗಲ್ಲದೆ ಬೇರಾರಿಗೂ ಬಿನ್ನಹ ಮಾಡಬಾರದೆಂಬ ಶಾಸನವು ಹೊರಟರೂ, ಅವನು ಎಂದಿನಂತೆ ಯೆರೂಸಲೇಮಿನ ಕಡೆಗೆ ತೆರೆದಿದ್ದ ಕಿಟಕಿಯ ಬಳಿಯಲ್ಲಿ ದಿನಕ್ಕೆ ಮೂರಾವರ್ತಿ ಪ್ರಾರ್ಥಿಸಿದನು. ಅದಕ್ಕಾಗಿ ಅವನನ್ನು ಸಿಂಹಗಳ ಗವಿಗೆ ಹಾಕಿದರು. ದೇವರು ಅವನನ್ನು ಕಾಪಾಡಿದನು.

ಸಿಂಹಗಳ ಗವಿಯ ಕಥೆಯನ್ನರಿಯದವರು ನಮ್ಮ ಸಭೆಗಳಲ್ಲಿಲ್ಲ. ಮುಪ್ಪಿನ ಆ ಧೈರ್ಯವು ಎಳೆಯ ಪ್ರಾಯದ 10 ದಿನಗಳಲ್ಲಿಯೇ ಬೇರೂರಿತೆಂಬುದನ್ನು ನಾವು ಗಮನಿಸತಕ್ಕದ್ದು. ಪ್ರಿಯ ವಿದ್ಯಾರ್ಥಿಗಳೇ, ಹಳ್ಳಿಯನ್ನೂ ಸಭೆಯನ್ನೂ ಬಿಟ್ಟು ಪಟ್ಟಣದ ವಿದ್ಯಾರ್ಥಿನಿಲಯವನ್ನು ಸೇರುವಾಗ ವಿದ್ಯೆಗೆ ಅಂಜಬೇಡಿರಿ. ಹೆತ್ತವರ ಕಣ್ಣಿಗೆ ಬೀಳದ ಸಣ್ಣ ವಿಷಯಗಳಲ್ಲಿಯೂ ಕರ್ತನಿಗೆ ನಂಬಿಗಸ್ತರಾಗಿರ್ರಿ. ದೊಡ್ಡ ಶೋಧನೆಯ ದಿನಕ್ಕೆ ಬೇಕಾದ ಬಲವನ್ನು ಆತನು ಅಲ್ಲಿಯೇ ಬೆಳೆಸುತ್ತಾನೆ.