ಅವರೆಕಾಳಿನ ಗುಟ್ಟು ಹುಡುಕಿದ ಕಮಲಾ ಸೊಹೋನಿ

ಮಕ್ಕಳೇ, ಚಳಿಗಾಲ ಬಂತೆಂದರೆ ನಮ್ಮ ಯಲಹಂಕ, ಹೆಬ್ಬಾಳದ ಮನೆಗಳಲ್ಲಿ ಅವರೆಕಾಯಿಯ ಘಮ. ಹಿದುಕಿದ ಬೇಳೆ ಸಾರು ನಿಮಗೂ ಇಷ್ಟವಲ್ಲವೇ? ಅವರೆಯನ್ನು ಹಸಿಯಾಗಿ ತಿನ್ನದೆ ಬೇಯಿಸಿಯೇ ತಿನ್ನುತ್ತೇವೆ, ಏಕೆ? ಈ ಗುಟ್ಟನ್ನು ಹುಡುಕಿದವರಲ್ಲಿ ಒಬ್ಬರು ಡಾ. ಕಮಲಾ ಸೊಹೋನಿ.

ಕಮಲಾ ಹುಟ್ಟಿದ್ದು ಇಂದೋರಿನಲ್ಲಿ. ಅವರ ತಂದೆ ಯಶವಂತಪುರದ ಬಳಿ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತವರು. ಜನರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ತಾನೂ ಅಲ್ಲಿಯೇ ಕಲಿಯಬೇಕೆಂಬುದು ಕಮಲಾ ಅವರ ಆಸೆ. 1933ರಲ್ಲಿ ಬಿ.ಎಸ್ಸಿ. ಮುಗಿಸಿ ಅರ್ಜಿ ಹಾಕಿದರು. ಆಗ ಸರ್ ಸಿ.ವಿ. ರಾಮನ್ ಅಲ್ಲಿನ ನಿರ್ದೇಶಕರು. ಹೆಣ್ಣು ಎಂಬ ಕಾರಣಕ್ಕೆ ಅವರು ಅರ್ಜಿಯನ್ನು ತಿರಸ್ಕರಿಸಿದರು.

ಕಮಲಾ ಸುಮ್ಮನಾಗಲಿಲ್ಲ. ಬೆಂಗಳೂರಿಗೇ ಬಂದು ಪಟ್ಟು ಹಿಡಿದರು. ಕೊನೆಗೆ ಪ್ರವೇಶವೇನೋ ಸಿಕ್ಕಿತು. ಆದರೆ ಮೊದಲ ಒಂದು ವರ್ಷ ಪರೀಕ್ಷೆಯ ಅವಧಿ. ಕೆಲಸ ಮೆಚ್ಚುಗೆಯಾದರೆ ಮಾತ್ರ ಮಾನ್ಯತೆ ಎಂಬ ಷರತ್ತು. ಮನಸ್ಸಿಗೆ ನೋವಾದರೂ ಒಪ್ಪಿಕೊಂಡರು. ಶ್ರೀನಿವಾಸಯ್ಯ ಎಂಬ ಗುರುಗಳ ಬಳಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನನ್ನು ಅಭ್ಯಾಸ ಮಾಡಿದರು. ಅವರ ಶ್ರದ್ಧೆಯನ್ನು ಕಂಡು ರಾಮನ್ ಮನಸ್ಸು ಬದಲಾಯಿಸಿದರು. ಮುಂದೆ ಬೇರೆ ಹೆಣ್ಣುಮಕ್ಕಳಿಗೂ ಸಂಸ್ಥೆಯ ಬಾಗಿಲು ತೆರೆಯಿತು. ಕಮಲಾ 1939ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದು ಸ್ವದೇಶಕ್ಕೆ ಮರಳಿದರು.

ನಂತರ ಮುಂಬಯಿಯಲ್ಲಿ ಕಾಳುಗಳ ಸಂಶೋಧನೆ ಮುಂದುವರಿಯಿತು. ನಾವು ಬೆಳೆಯಲು ಪ್ರೋಟೀನ್ ಬೇಕು. ಅದನ್ನು ಕರುಳಿನಲ್ಲಿ ಚಿಕ್ಕ ಚಿಕ್ಕ ತುಣುಕು ಮಾಡುವ ಕಿಣ್ವಗಳಲ್ಲಿ ಟ್ರಿಪ್ಸಿನ್ ಒಂದು. ಹಸಿ ಅವರೆಯಲ್ಲಿ ಈ ಟ್ರಿಪ್ಸಿನ್‌ನ ಕೆಲಸಕ್ಕೆ ಅಡ್ಡಿಮಾಡುವ ವಸ್ತುವೊಂದಿದೆ. ಕಮಲಾ ಮತ್ತು ಅವರ ಸಹಸಂಶೋಧಕರು ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ 1955ರಲ್ಲಿ ಪ್ರಕಟಿಸಿದರು. ಕಾಳನ್ನು ಚೆನ್ನಾಗಿ ಬೇಯಿಸಿದರೆ ಈ ಅಡ್ಡಿ ಬಹುಮಟ್ಟಿಗೆ ತಗ್ಗುತ್ತದೆ.

ನಮಗಷ್ಟೇ ಅಲ್ಲ, ಹೊಂಡದಲ್ಲಿ ಸಾಕುವ ಸಿಗಡಿ ಮರಿಗೂ ಬೆಳೆಯಲು ಪ್ರೋಟೀನ್ ಬೇಕು. ಅದರ ಆಹಾರಕ್ಕೆ ಸೋಯಾ ಹಿಂಡಿ ಸೇರಿಸುವುದುಂಟು. ಸೋಯಾದಲ್ಲೂ ಇಂಥದೇ ವಸ್ತು ಇರುವುದರಿಂದ ಹಿಂಡಿಯನ್ನು ಮೊದಲು ಬಿಸಿಮಾಡುತ್ತಾರೆ. ಆಹಾರದಲ್ಲಿ ಪ್ರೋಟೀನ್ ಇದ್ದರೆ ಸಾಲದು, ಅದು ಅರಗಲೂ ಬೇಕು!

ಕಮಲಾ 1998ರಲ್ಲಿ ತೀರಿಕೊಂಡರು. ಅಂದು ಅವರು ಹಿಂತಿರುಗಿ ಹೋಗಿದ್ದರೆ? ಯೋಚಿಸಿ. ಹಾಗೆಯೇ ನಿಮ್ಮ ಮನೆಯಲ್ಲಿ ಯಾವ ಯಾವ ಕಾಳನ್ನು ನೆನೆಸುತ್ತಾರೆ, ಎಷ್ಟು ಹೊತ್ತು ಬೇಯಿಸುತ್ತಾರೆ ಎಂದು ಕೇಳಿ ಪಟ್ಟಿ ಮಾಡಿ, ತರಗತಿಯಲ್ಲಿ ಚರ್ಚಿಸಿ.