ಕುದ್ಮುಲ್ ರಂಗರಾವ್: ವಿಶ್ವಾಸ ಸೇವೆಯಾದ ಬಗೆ



ನಮ್ಮ ಮರಳೂರಿನಲ್ಲಾಗಲಿ, ಗುಬ್ಬಿ ಕುಣಿಗಲ್‌ಗಳಲ್ಲಾಗಲಿ ಸಮಾಜ ಸೇವೆಯ ಮಾತು ಬಂದರೆ ನಮಗೆ ಮೊದಲು ನೆನಪಾಗುವುದು ರಮಝಾನ್ ತಿಂಗಳು. ಝಕಾತ್ ಲೆಕ್ಕ ಹಾಕುವವರು, ಫಿತ್ರ್‌ನ ಅಕ್ಕಿ ಗೋಧಿ ಅಳೆಯುವವರು, ಕಿಟ್‌ಗಳನ್ನು ಹೆಗಲ ಮೇಲೆ ಹೊತ್ತು ಮನೆಮನೆಗೆ ಹೋಗುವ ಯುವಕರು ಆಗ ಎಲ್ಲೆಡೆ ಕಾಣುತ್ತಾರೆ. ತುಮಕೂರಿನವರಾದ ನಮಗೆ ಸಿದ್ಧಗಂಗೆಯ ದಾಸೋಹವೂ ಹೊಸದಲ್ಲ. ಜಾತಿ ಮತ ಕೇಳದೆ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಮಠ ನಮ್ಮ ಪಕ್ಕದಲ್ಲೇ ಇದೆ. ಎರಡರ ಹಿಂದೆಯೂ ಧರ್ಮವಿದೆ, ಎರಡಕ್ಕೂ ಜನರ ಗೌರವವಿದೆ. ಆದರೆ ದೇವರ ಮೇಲಿನ ವಿಶ್ವಾಸದಿಂದಲೇ ಸೇವೆಗಿಳಿದವನಿಗೆ ಗೌರವದ ಬದಲು ಬಹಿಷ್ಕಾರ ಸಿಕ್ಕರೆ? ಅವನ ಸ್ವಂತ ಜನರೇ ಬಾಗಿಲು ಮುಚ್ಚಿದರೆ? ಆಗಲೂ ಅವನ ವಿಶ್ವಾಸ ಅವನನ್ನು ನಡೆಸೀತೇ? ಈ ಪ್ರಶ್ನೆಯನ್ನು ತಮ್ಮ ಜೀವನದಲ್ಲಿ ಎದುರಿಸಿದ ಒಬ್ಬರು ನಮ್ಮ ನಾಡಿನ ಕರಾವಳಿಯಲ್ಲಿದ್ದರು. ಅವರ ಪರಿಚಯವನ್ನು ನಿಮಗೆ, ಮುಖ್ಯವಾಗಿ ವಿದ್ಯಾರ್ಥಿಗಳಿಗೆ, ಮಾಡಿಕೊಡುವುದು ಈ ಲೇಖನದ ಉದ್ದೇಶ.

ಕುದ್ಮುಲ್ ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನಲ್ಲಿ. ಇಂದು ಕೇರಳದಲ್ಲಿರುವ ಆ ಊರು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಸಾರಸ್ವತ ಬ್ರಾಹ್ಮಣ ಕುಟುಂಬ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು, ಬದುಕು ಹುಡುಕುತ್ತ ಮಂಗಳೂರಿಗೆ ಬಂದರು. ಸಣ್ಣ ಸಂಬಳದ ಶಿಕ್ಷಕರಾಗಿ ಕೆಲಸ ಮಾಡುತ್ತಲೇ ಓದಿ ವಕೀಲರಾದರು. ಬಡವರ ಪರವಾಗಿ ವಾದಿಸುವ ಪ್ರಾಮಾಣಿಕ ವಕೀಲರೆಂದು ಹೆಸರಾಯಿತು. ಅಲ್ಲಿಗೇ ನಿಂತಿದ್ದರೆ ಮಂಗಳೂರಿನ ಗಣ್ಯರಲ್ಲಿ ಒಬ್ಬರಾಗಿ ಸುಖವಾಗಿ ಬದುಕಬಹುದಿತ್ತು.

ಅವರ ದಾರಿ ತಿರುಗಿದ್ದು ಬ್ರಹ್ಮ ಸಮಾಜದಿಂದ. 1828ರಲ್ಲಿ ರಾಜಾ ರಾಮಮೋಹನ ರಾಯರು ಕಲ್ಕತ್ತೆಯಲ್ಲಿ ಆರಂಭಿಸಿದ ಈ ಪಂಥ 1870ರಲ್ಲಿ ಮಂಗಳೂರಿಗೆ ಬಂತು. ಅದನ್ನು ಕರೆಸಿಕೊಳ್ಳಲು ಮುಂದಾದವರು ಬಿಲ್ಲವ ಸಮುದಾಯದ ಮುಖಂಡರಾಗಿದ್ದ ಅರಸಪ್ಪನವರು. ಅದನ್ನು ಅಲ್ಲಿ ಬೆಳೆಸಿದವರಲ್ಲಿ ಉಳ್ಳಾಲ ರಘುನಾಥಯ್ಯನವರು ಪ್ರಮುಖರು. ರಂಗರಾಯರು ಇವರ ಜೊತೆ ಸೇರಿದರು. ನಿರಾಕಾರನಾದ ಒಬ್ಬನೇ ದೇವರು, ಅವನ ಮುಂದೆ ಎಲ್ಲರೂ ಸಮಾನರು, ಜಾತಿಗೆ ಅಲ್ಲಿ ಜಾಗವಿಲ್ಲ ಎಂಬುದು ಬ್ರಹ್ಮ ಸಮಾಜದ ತಿರುಳು. ಏಕದೇವ ವಿಶ್ವಾಸಿಗಳಾದ ನಮಗೆ ಈ ಮಾತು ಅಪರಿಚಿತವಲ್ಲ. ಪ್ರಾರ್ಥನಾ ಮಂದಿರದಲ್ಲಿ ಹೀಗೆ ನಂಬುವುದು ಸುಲಭ, ಬೀದಿಯಲ್ಲಿ ನಂಬುವುದು ಕಷ್ಟ. ರಂಗರಾಯರಿಗೆ ಮಾತ್ರ ಇವೆರಡು ಬೇರೆ ಬೇರೆಯಾಗಿ ಕಾಣಲಿಲ್ಲ.

ಆಗಿನ ಕರಾವಳಿಯನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಅಸ್ಪೃಶ್ಯರೆನಿಸಿದವರಿಗೆ ಶಾಲೆಯಿಲ್ಲ, ಬಾವಿಯಿಲ್ಲ, ಕೆಲವು ದಾರಿಗಳಲ್ಲಿ ನಡೆಯುವ ಹಕ್ಕೂ ಇಲ್ಲ. ಕೊರಗ ಸಮುದಾಯದವರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಎಂಬ ಪದ್ಧತಿಯಿತ್ತು. ಇದು ಎಷ್ಟು ಆಳವಾಗಿ ಬೇರೂರಿತ್ತೆಂದರೆ ಅದನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಅದಕ್ಕೂ ನೂರು ವರ್ಷಗಳಿಗಿಂತ ಮೊದಲು, 1892ರಲ್ಲಿ, ರಂಗರಾಯರು ಉರ್ವದ ಚಿಲಿಂಬಿಯಲ್ಲಿ ಒಂದು ಬಾಡಿಗೆ ಕಟ್ಟಡ ಹಿಡಿದು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು.

ಊರು ಸುಮ್ಮನಿರಲಿಲ್ಲ. ಜಾತಿಯವರು ಬಹಿಷ್ಕಾರ ಹಾಕಿದರು. ಒಂದು ಕಡೆ ವಿರೋಧ ಹೆಚ್ಚಾದರೆ ಶಾಲೆಯನ್ನು ಇನ್ನೊಂದು ಕಡೆಗೆ ಸಾಗಿಸಬೇಕಾಯಿತು. ಪಾಠ ಹೇಳಲು ಮೇಲ್ಜಾತಿಯ ಶಿಕ್ಷಕರು ಬರಲೊಪ್ಪದಿದ್ದಾಗ ನೆರವಿಗೆ ಬಂದವರು ಕ್ರೈಸ್ತ ಶಿಕ್ಷಕರು. ಹೀಗೆ ಬ್ರಹ್ಮ ಸಮಾಜದ ಒಬ್ಬ ವಕೀಲ, ಕ್ರೈಸ್ತ ಉಪಾಧ್ಯಾಯರು, ಭೂತ ದೈವಗಳನ್ನು ನಂಬುವ ಮನೆಗಳಿಂದ ಬಂದ ಮಕ್ಕಳು ಒಂದೇ ಸೂರಿನಡಿ ಕುಳಿತರು. ಮತ ಬದಲಿಸಬೇಕೆಂಬ ಷರತ್ತು ಆ ಸೂರಿನ ಕೆಳಗೆ ಇರಲಿಲ್ಲ. ಮತಾಂತರದ ಬಗ್ಗೆ ಇಷ್ಟೊಂದು ಗದ್ದಲವಿರುವ ನಮ್ಮ ಕಾಲದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿದೆ: ಸೇವೆಗೆ ಪ್ರೇರಣೆ ಅವರ ವಿಶ್ವಾಸ, ಆದರೆ ಸೇವೆ ಪಡೆಯಲು ಆ ವಿಶ್ವಾಸ ಅರ್ಹತೆಯಾಗಿರಲಿಲ್ಲ.

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲ ಎಂಬುದು ನಮ್ಮ ಸಂಘದ ಕಾರ್ಯಕರ್ತರಿಗೆ ಚೆನ್ನಾಗಿ ಗೊತ್ತು. ಬೀಡಿ ಸುತ್ತುವ ಮನೆಯ ಮಗು, ಗ್ಯಾರೇಜಿಗೆ ಹೋಗುವ ಹುಡುಗ ಒಂದು ದಿನ ಶಾಲೆಗೆ ಬಂದರೆ ಮನೆಗೆ ಒಂದು ದಿನದ ಕೂಲಿ ನಷ್ಟ. ರಂಗರಾಯರಿಗೂ ಇದೇ ಸಮಸ್ಯೆ ಎದುರಾಯಿತು. ಅವರು ಉಪದೇಶ ಮಾಡಲು ಹೋಗಲಿಲ್ಲ. ಶಾಲೆಗೆ ಬಂದ ಪ್ರತಿ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನ ಊಟ ಹಾಕಿದರು. ಸರ್ಕಾರಿ ಶಾಲೆಗಳ ಬಿಸಿಯೂಟ ನಮ್ಮ ರಾಜ್ಯದಲ್ಲಿ ಶುರುವಾದದ್ದು 21ನೇ ಶತಮಾನದ ಆರಂಭದಲ್ಲಿ ಎಂಬುದನ್ನು ನೆನೆದರೆ ಈ ಮನುಷ್ಯನ ದೂರದೃಷ್ಟಿ ಅರ್ಥವಾಗುತ್ತದೆ.

1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆ ಕಟ್ಟಿದರು. ಮುಂದೆ ಮಂಗಳೂರಿನ ಸುತ್ತಮುತ್ತ ಹಲವು ಶಾಲೆಗಳು, ವಿದ್ಯಾರ್ಥಿನಿಲಯ, ನೇಯ್ಗೆಯಂಥ ಕಸುಬು ಕಲಿಸುವ ವ್ಯವಸ್ಥೆ ಬಂದವು. ಸರ್ಕಾರದಿಂದ ಜಮೀನು ಪಡೆದು ಮನೆಯಿಲ್ಲದ ಕುಟುಂಬಗಳಿಗೆ ನೆಲೆ ಮಾಡಿಕೊಟ್ಟರು. ಹಣಕ್ಕಾಗಿ ಕೈಚಾಚಬೇಕಾದಲ್ಲಿ ಸಂಕೋಚಪಡಲಿಲ್ಲ. ಅಲೀಗಢದ ಸರ್ ಸಯ್ಯದ್ ಅಹ್ಮದ್ ಖಾನರನ್ನು ಇಲ್ಲಿ ನೆನೆಯದೆ ಇರಲಾಗದು. ಅವರೂ 1860ರ ಹೊತ್ತಿನ ಬರಗಾಲದಲ್ಲಿ ಮುರಾದಾಬಾದಿನಲ್ಲಿ ಹಿಂದೂ ಮುಸ್ಲಿಮರೆನ್ನದೆ ಹಸಿದವರಿಗೆ ಊಟದ ವ್ಯವಸ್ಥೆ ಮಾಡಿದವರು, ಆಮೇಲೆ ಕಾಲೇಜು ಕಟ್ಟಲು ಚಂದಾ ಎತ್ತಿದವರು, ತಮ್ಮವರಿಂದಲೇ ನಿಂದನೆ ಕೇಳಿದವರು.

ರಂಗರಾಯರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಶಾಲೆಗಳ ಸಂಖ್ಯೆಯಲ್ಲ. ತಾವು ಯಾರ ಸೇವೆ ಮಾಡಿದರೋ ಅವರನ್ನು ಸದಾ ಕೈಚಾಚುವವರಾಗಿ ಇಟ್ಟುಕೊಳ್ಳಲು ಅವರು ಬಯಸಲಿಲ್ಲ. ಆ ಸಮುದಾಯದವರೇ ಶಿಕ್ಷಕರಾಗಬೇಕು, ಸರ್ಕಾರಿ ನೌಕರಿಗೆ ಸೇರಬೇಕು, ಸ್ಥಳೀಯ ಆಡಳಿತ ಮಂಡಳಿಗಳಲ್ಲಿ ಸದಸ್ಯರಾಗಿ ಕೂರಬೇಕು ಎಂದು ಶ್ರಮಿಸಿದರು. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಅಧಿಕಾರಿಯಾಗಿ ಊರ ಬೀದಿಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಿದರೆ ತಾವು ಧನ್ಯ ಎಂಬುದು ಅವರ ಆಸೆಯಾಗಿತ್ತು. ಇದನ್ನು ನಾವು ಮಾಡುವ ಸೇವೆಯ ಪಕ್ಕದಲ್ಲಿಟ್ಟು ನೋಡಿ. ಒಂದು ನೋಟ್‌ಬುಕ್, ಒಂದು ಕಿಟ್ ಕೊಡುವಾಗ ಹತ್ತು ಜನ ಹಿಡಿದುಕೊಂಡು ಫೋಟೊ ತೆಗೆಸುತ್ತೇವೆ. ಪಡೆಯುವ ಮಗುವಿನ ಮುಖ ತಗ್ಗಿರುತ್ತದೆ, ನಮ್ಮ ಮುಖ ಕ್ಯಾಮೆರಾ ಕಡೆಗಿರುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಕಲಿತು ಬೆಳೆದವರು ನಾವು! ರಂಗರಾಯರು ಬಯಸಿದ್ದು ಇದಕ್ಕೆ ತದ್ವಿರುದ್ಧವಾದ ಚಿತ್ರ: ಪಡೆದವನು ಕಾರಿನಲ್ಲಿ, ಕೊಟ್ಟವನು ಧೂಳಿನಲ್ಲಿ.

ತಾವು ನಂಬಿದ್ದನ್ನು ಮನೆಯೊಳಗೂ ನಡೆಸಿದರು. ಆ ಕಾಲದಲ್ಲಿ ಮಗಳು ರಾಧಾಬಾಯಿಯವರಿಗೆ ಉನ್ನತ ಶಿಕ್ಷಣ ಕೊಡಿಸಿದರು. ತಮಿಳುನಾಡಿನ ಕುಮಾರಮಂಗಲಂ ಜಮೀನ್ದಾರರಾದ, ಬೇರೆ ಜಾತಿಯ ಡಾ. ಪಿ. ಸುಬ್ಬರಾಯನ್ ಅವರೊಂದಿಗೆ ಆಕೆಯ ಮದುವೆಯಾಯಿತು. ಸುಬ್ಬರಾಯನ್ 1926ರಲ್ಲಿ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರ ಲಂಡನ್ ದುಂಡು ಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು. 1966ರಿಂದ 1969ರವರೆಗೆ ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ. ಪಿ. ಕುಮಾರಮಂಗಲಂ ಇವರ ಮಗ, ಅಂದರೆ ರಂಗರಾಯರ ಮೊಮ್ಮಗ.

ಮುಪ್ಪಿನಲ್ಲಿ ಅವರು ಸನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿಕೊಂಡರು. ಸನ್ಯಾಸವೆಂದರೆ ಲೋಕ ಬಿಟ್ಟು ಹೋಗುವುದೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಇವರು ಹೋದದ್ದು ಅದೇ ಶಾಲೆಗಳಿಗೆ, ಅದೇ ಕೇರಿಗಳಿಗೆ. 1928ರ ಜನವರಿ 30ರಂದು ಅವರು ತೀರಿಕೊಂಡರು. ಆರು ವರ್ಷಗಳ ನಂತರ, 1934ರ ಫೆಬ್ರವರಿಯಲ್ಲಿ, ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಿದ್ದ ಗಾಂಧೀಜಿ ಮಂಗಳೂರಿಗೆ ಬಂದಾಗ ಅವರ ಕೆಲಸವನ್ನು ಮೆಚ್ಚಿಕೊಂಡರು. ಅವರನ್ನು ದೂರವಿಟ್ಟ ಅದೇ ನಗರದ ಪುರಭವನಕ್ಕೆ ಮುಂದೆ ಅವರ ಹೆಸರನ್ನೇ ಇಡಲಾಯಿತು.

ಅವರ ಕೊನೆಯ ಇಚ್ಛೆಯೊಂದನ್ನು ಹೇಳುವುದು ಉಳಿದಿದೆ. ಜಾತಿಯ ಲೆಕ್ಕದಲ್ಲಿ ಯಾರ ನೆರಳೂ ತಾಗಬಾರದಾಗಿತ್ತೋ ಆ ಪೌರಕಾರ್ಮಿಕರೇ ತಮ್ಮ ಅಂತ್ಯಕ್ರಿಯೆ ನಡೆಸಬೇಕೆಂದು ಅವರು ಮೊದಲೇ ತಿಳಿಸಿದ್ದರು. ಅದರಂತೆ, ಊರಿನ ಕಸ ಹೊರುತ್ತಿದ್ದ ಹೆಗಲುಗಳು ಅಂದು ಅವರನ್ನು ಹೊತ್ತವು.